ನಾಲ್ಕು ಚಮಚ ನಸುಗುನ್ನಿ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಒಂದು ಚಮಚ. ಬೆಳಿಗ್ಗೆ ಆರೂವರೆಗೆ ಅಕ್ಷರಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಾಜಿನ ಲೋಟದ ಕಾಫಿಗೆ ಸಕ್ಕರೆ ಕದಡುತ್ತಿದ್ದ. ಕೈ ನಡುಗುತ್ತಿತ್ತು. ಚಮಚ ಲೋಟಕ್ಕೆ ಬಡಿದು ಟಿಣಿಟಿಣಿ ಟಿಣಿಟಿಣಿ ಅಂತ ಒಂದೇ ಸಮನೆ ಬಾರಿಸತೊಡಗಿತು.

ಕಾಂಪೌಂಡಿನ ಆಚೆ ಮನೆಯ ಡ್ರಿಲ್ ಮೇಷ್ಟ್ರು ಮೂವತ್ತನಾಲ್ಕು ವರ್ಷ ಶಾಲೆಯ ಗಂಟೆಗೆ ಎದ್ದು ನಿಂತವರು. ಅವರು ನಿವೃತ್ತರಾಗಿ ಆರು ವರ್ಷವಾಗಿತ್ತು, ಆದರೆ ಅವರ ಕಿವಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಾಯಲ್ಲೇ ಬಿಟ್ಟು, ಎರಡೂ ಕೈ ತೊಡೆಗೆ ಅಂಟಿಸಿ, ಎದೆಯುಬ್ಬಿಸಿ ನಿಂತುಬಿಟ್ಟರು. ಇದು ಶಾಲೆಯಲ್ಲ, ತಮ್ಮ ಬಚ್ಚಲು ಅಂತ ಹೊಳೆಯಲು ಒಂದು ನಿಮಿಷ ಬೇಕಾಯಿತು. ಬಾಯಿ ಮುಕ್ಕಳಿಸಿ ಗೋಡೆಯ ಮೇಲಿಂದ ಇಣುಕಿದರು.

"ಏನ್ರೀ ಅಕ್ಷರಣ್ಣ, ಬೆಳಿಗ್ಗೆ ಬೆಳಿಗ್ಗೆ ಯಾರನ್ನ ಪ್ರಾರ್ಥನೆಗೆ ಕರೀತಿದ್ದೀರಿ?"

"ಕೈ, ಮೇಷ್ಟ್ರೇ. ಇವತ್ತು ಸ್ವಲ್ಪ ಜಾಸ್ತಿನೇ ಇದೆ" ಅಂದ ಅಕ್ಷರಣ್ಣ ಸಂಕೋಚದಿಂದ, ಲೋಟವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು.

ಅಕ್ಷರಣ್ಣನ ಕೆಲಸ ಕೇಕಿನ ಮೇಲೆ ಬರೆಯುವುದು. ಇಪ್ಪತ್ತಾರು ವರ್ಷದಿಂದ ಒಂದೇ ಬೇಕರಿ, ಅದೇ ಮೇಜು. ಊರಿನ ಮಕ್ಕಳೆಲ್ಲ ತಮ್ಮ ಹೆಸರನ್ನು ಮೊದಲು ಓದಿದ್ದು ಪುಸ್ತಕದಲ್ಲಲ್ಲ, ಅಕ್ಷರಣ್ಣನ ಕ್ರೀಮಿನಲ್ಲಿ. ಆದರೆ ಮೂರು ವರ್ಷದ ಹಿಂದೆ ಅವನ ಬಲಗೈಗೆ ನಡುಕ ಹತ್ತಿತು. ಡಾಕ್ಟರು ಪಾರ್ಕಿನ್ಸನ್ ಅಂದರು, ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಕೆಲಸ ನಡೆಯುತ್ತಿತ್ತು, ಆದರೆ ಕುಂಟುತ್ತಾ. ಸಾಲಿನ ಮೊದಲ ಅಕ್ಷರ ಆನೆಯಷ್ಟಿದ್ದರೆ ನಡುವೆ ಬರುವಷ್ಟರಲ್ಲಿ ಆಡು, ಕೊನೆಗೆ ಇರುವೆ. ಬೇಕರಿಯ ಯಜಮಾನಿ ಒಳ್ಳೆಯ ಹೆಂಗಸು, ಬಾಯಿಬಿಟ್ಟು ಏನೂ ಅಂದವಳಲ್ಲ. ಆದರೆ ಹೋದ ವಾರ ಕೇಕಿನ ಮೇಲೆ ಅಚ್ಚು ಹಾಕುವ ಮೆಷಿನ್ನಿನವನು ಬಂದು ಅವಳ ಎದುರು ಅರ್ಧ ಗಂಟೆ ಕೂತು ಹೋಗಿದ್ದ. ಅವತ್ತಿನಿಂದ ಅಕ್ಷರಣ್ಣನಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ.

"ಇವತ್ತು ದೊಡ್ಡ ಆರ್ಡರ್ ಮೇಷ್ಟ್ರೇ. ದೊಡ್ಡಾಸ್ಪತ್ರೆಯಲ್ಲಿ ನರರೋಗದ ಡಾಕ್ಟರುಗಳ ಸಮ್ಮೇಳನ. ಮೂರಡಿ ಕೇಕು. ಅದರ ಮೇಲೆ ಒಂದು ವಾಕ್ಯ. ಎಷ್ಟುದ್ದ ಅಂತೀರಿ? 'ಮೆದುಳು ಮತ್ತು ನರರೋಗ ತಜ್ಞರ ವಾರ್ಷಿಕ ಸಮ್ಮೇಳನಕ್ಕೆ ಸರ್ವರಿಗೂ ಹೃತ್ಪೂರ್ವಕ ಸ್ವಾಗತ.' ಅದೂ ಒಂದೇ ಸಾಲಲ್ಲಿ ಬರೀಬೇಕಂತೆ. ನಾನೇ ಬರೀಬೇಕಂತೆ. ಇವತ್ತು ಎಡವಿದ್ರೆ ನಾಳೆಯಿಂದ ನಾನು ರಟ್ಟಿನ ಡಬ್ಬ ಮಡಚ್ತಾ ಕೂರೋದೇ."

ಹೃತ್ಪೂರ್ವಕ ಅನ್ನುವ ಪದವನ್ನು ಕ್ರೀಮಿನಲ್ಲಿ ಬರೆಯುವುದೆಂದರೆ ತಲೆಯ ಮೇಲೆ ಬಿಂದಿಗೆ ಹೊತ್ತು ಹಗ್ಗದ ಮೇಲೆ ನಡೆದ ಹಾಗೆ. ಮೇಲೊಂದು, ಕೆಳಗೊಂದು, ಪಕ್ಕಕ್ಕೊಂದು. ಒಂದು ಒತ್ತು ಜಾರಿದರೂ ಸ್ವಾಗತ ಹೋಗಿ ಸೂತಕದ ಥರ ಕಾಣುತ್ತದೆ.

ಡ್ರಿಲ್ ಮೇಷ್ಟ್ರ ಕಣ್ಣು ಹೊಳೆಯಿತು. ಯಾರಿಗಾದರೂ ಕಾಯಿಲೆ ಅಂದರೆ ಅವರಿಗೆ ಮಕ್ಕಳಿಗೆ ಆಟದ ಪಿರಿಯಡ್ ಸಿಕ್ಕಷ್ಟು ಸಂತೋಷ. "ನಿಲ್ಲಿ, ಎಲ್ಲೂ ಹೋಗ್ಬೇಡಿ" ಅಂತ ಒಳಗೆ ಓಡಿ ಒಂದು ಡಬ್ಬಿ ತಂದರು. ಅದರ ತುಂಬ ಬೂದಿ ಬಣ್ಣದ ಪುಡಿ.

"ನಸುಗುನ್ನಿ ಬೀಜ! ಹಾಲಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ನೆರಳಲ್ಲಿ ಒಣಗಿಸಿ ಕುಟ್ಟಿದ್ದು. ಕಾಯಿ ಕೊಯ್ಯೋಕೆ ಹೋಗಿ ಎರಡು ದಿನ ಮೈಯೆಲ್ಲ ಕೆರ್ಕೊಂಡಿದ್ದೀನಿ, ಗೊತ್ತಾ? ನಡುಕಕ್ಕೆ ಇದರಪ್ಪನಂಥಾ ಔಷಧಿ ಇಲ್ಲ. ನಮ್ಮಜ್ಜನ ಕಾಲದಿಂದ ಬಂದದ್ದು."

"ಮಾತ್ರೆ ಈಗ ತಾನೇ ತಗೊಂಡೆ..."

"ಮಾತ್ರೆ ಅದರ ಪಾಡಿಗೆ ಅದು, ಇದು ಇದರ ಪಾಡಿಗೆ ಇದು. ಇದು ಗಿಡಮೂಲಿಕೆ ಕಣ್ರೀ, ಏನೂ ಮಾಡಲ್ಲ!"

ಏನೂ ಮಾಡದಿದ್ದರೆ ತಗೊಂಡು ಪ್ರಯೋಜನವೇನು ಅಂತ ಅಕ್ಷರಣ್ಣ ಕೇಳಬಹುದಿತ್ತು. ಆದರೆ ಯಾರಿಗೂ ಇಲ್ಲ ಅನ್ನುವ ಅಭ್ಯಾಸ ಅವನಿಗಿರಲಿಲ್ಲ. ಒಂದು ಚಮಚ ಬಿಸಿನೀರಿಗೆ ಹಾಕಿ, ಕಣ್ಣು ಮುಚ್ಚಿ ಕುಡಿದ. ಇನ್ನೊಂದಿಷ್ಟನ್ನು ಮೇಷ್ಟ್ರು ಪೊಟ್ಟಣ ಕಟ್ಟಿ ಅವನ ಜೇಬಿಗೆ ತುರುಕಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಮೇಷ್ಟ್ರು ಮೇಷ್ಟ್ರೇ ಅಲ್ಲ. ಹೇಳಿದ್ದನ್ನು ಹುಡುಗರು ಮಾಡುವುದಿಲ್ಲ ಅನ್ನುವುದು ಮೂವತ್ತನಾಲ್ಕು ವರ್ಷದ ಅವರ ಅನುಭವ. ಅಕ್ಷರಣ್ಣ ಸ್ನಾನಕ್ಕೆ ಹೋದದ್ದೇ ಗೋಡೆಯ ಮೇಲಿಂದ ಅವನ ಹೆಂಡತಿಗೊಂದು ಪೊಟ್ಟಣ ದಾಟಿಸಿದರು. "ಮಧ್ಯಾಹ್ನದ ಡಬ್ಬಿಗೆ ಒಂದು ಚಮಚ ಬೆರೆಸಿಬಿಡಮ್ಮ. ಅವರಿಗೆ ಹೇಳ್ಬೇಡ, ಬೇಡ ಅಂತಾರೆ." ಆಮೇಲೆ ಬೀದಿಯ ತುದಿಯಲ್ಲಿ ಸೈಕಲ್ ಹತ್ತುತ್ತಿದ್ದ ಅಕ್ಷರಣ್ಣನ ಭಾವಮೈದನನ್ನು ತಡೆದು ಅವನಿಗೂ ಒಂದು ಪೊಟ್ಟಣ ಕೊಟ್ಟರು. ಭಾವಮೈದ ಅದೇ ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವನು. "ಹತ್ತು ಗಂಟೆ ಟೀಗೆ ಒಂದು ಚಮಚ. ಗುಟ್ಟಾಗಿರ್ಲಿ. ನಿಮ್ಮಕ್ಕನಿಗೂ ಹೇಳ್ಬೇಡ." ಹೀಗೆ ಮೂವರ ಹತ್ತಿರ ಮೂರು ಪೊಟ್ಟಣ; ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

ಬೇಕರಿಗೆ ಹೋಗಿ ಏಪ್ರನ್ ಕಟ್ಟಿಕೊಂಡು ಅಕ್ಷರಣ್ಣ ಕ್ರೀಮ್ ಕಲಸಿದ. ಹತ್ತು ಗಂಟೆಗೆ ಭಾವಮೈದ ತಾನೇ ಟೀ ತಂದುಕೊಟ್ಟ. ಎಂದೂ ಇಲ್ಲದವನು ಇವತ್ತು ಯಾಕೆ ತಂದ ಅಂತ ಅಕ್ಷರಣ್ಣನಿಗೆ ಅನಿಸಿತು. ಟೀ ಯಾಕೋ ಮಣ್ಣುಮಣ್ಣಾಗಿದೆ ಅಂತಲೂ ಅನಿಸಿತು. ಪ್ರೀತಿಯಿಂದ ತಂದಿದ್ದಾನೆ ಪಾಪ ಅಂತ ತಳದವರೆಗೂ ಕುಡಿದ.

ಹತ್ತೂವರೆಗೆ ಕ್ರೀಮ್ ತುಂಬಿದ ಕೋನ್ ಕೈಗೆತ್ತಿಕೊಂಡವನು ಬೆಚ್ಚಿಬಿದ್ದ. ಕೈ ನಡುಗುತ್ತಿಲ್ಲ.

ಬೆರಳುಗಳನ್ನು ಒಂದೊಂದಾಗಿ ಚಾಚಿ ನೋಡಿದ. ಎಡಗೈಯಿಂದ ಬಲಗೈಯನ್ನು ಚಿವುಟಿ ನೋಡಿದ. ತನ್ನದೇ ಕೈ. ಮೂರು ವರ್ಷದ ಹಿಂದೆ ಹೇಳದೆ ಕೇಳದೆ ಮನೆಬಿಟ್ಟು ಹೋದವನು ಇವತ್ತು ಬಾಗಿಲಲ್ಲಿ ನಿಂತು ನಗುತ್ತಿರುವ ಹಾಗೆ ಆ ಕೈ ಸುಮ್ಮನೆ, ತಣ್ಣಗೆ ಅವನ ಮುಂದಿತ್ತು. ಯಾರಾದರೂ ನೋಡಿಯಾರು ಅಂತ ಅಕ್ಷರಣ್ಣ ಗೋಡೆಯ ಕಡೆ ತಿರುಗಿ ಏಪ್ರನ್ನಿನಿಂದ ಮೂಗು ಒರೆಸಿಕೊಂಡ.

ಆಮೇಲೆ ಬರೆದ. ಅದನ್ನು ನೋಡಲು ಕಣ್ಣು ಸಾಲದು. 'ಮೆದುಳು' ಮುತ್ತು ಪೋಣಿಸಿದ ಹಾಗೆ ಬಂತು. 'ತಜ್ಞರ' ಬಂತು, ಜ್ಞ ಅಷ್ಟು ಚೆಂದವಾಗಿ ಮಡಚಿಕೊಳ್ಳುತ್ತದೆ ಅಂತ ಬೇಕರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ರೆಡ್ ಕೊಯ್ಯುವವರು ಕತ್ತಿ ಕೆಳಗಿಟ್ಟು ಬಂದರು. ಗಿರಾಕಿಗಳು ಗಲ್ಲಾದ ಮೇಲಿಂದ ಬಾಗಿದರು. 'ಹೃತ್ಪೂರ್ವಕ' ಬಂದಾಗ ಯಾರೂ ಉಸಿರಾಡಲಿಲ್ಲ. ಹೃ, ಅದರ ಸುಳಿ, ತ್ಪೂ, ಅದರ ಒತ್ತು, ಕೊನೆಗೆ ರ್ವದ ಅರ್ಕಾವತ್ತು. 'ಸ್ವಾಗತ'ದ ತ ಕೇಕಿನ ಅಂಚಿಗೆ ಸರಿಯಾಗಿ ಎರಡು ಬೆರಳು ಜಾಗ ಬಿಟ್ಟು ಬಂದು ಕೂತಿತು. ಮೊದಲ ಅಕ್ಷರ ಎಷ್ಟೋ ಕೊನೆಯದೂ ಅಷ್ಟೇ.

"ಅಕ್ಷರಣ್ಣ" ಅಂದಳು ಯಜಮಾನಿ, ಧ್ವನಿ ಒದ್ದೆಯಾಗಿ. "ನನ್ನ ಮದುವೆ ಕೇಕಿಗೂ ನೀವು ಇಷ್ಟು ಚೆನ್ನಾಗಿ ಬರೆದಿರ್ಲಿಲ್ಲ."

ಇಂಥ ಮಾತು ಕೇಳಿದ ಮೇಲೆ ಮನುಷ್ಯನಿಗೆ ಬುದ್ಧಿ ನೆಟ್ಟಗಿರುತ್ತದೆಯೇ? ಈ ಕೈ ಸಂಜೆಯವರೆಗೂ ಹೀಗೇ ಇರಲಿ ಅಂತ ಅಕ್ಷರಣ್ಣ ಗೋದಾಮಿಗೆ ಹೋಗಿ ಜೇಬಿನ ಪೊಟ್ಟಣ ಬಿಚ್ಚಿ ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡ. ಹನ್ನೆರಡಕ್ಕೆ ಮಾತ್ರೆ ನುಂಗಿದ. ಒಂದು ಗಂಟೆಗೆ ಡಬ್ಬಿ ತೆರೆದು ಮೊಸರನ್ನ ತಿಂದ. ಅದೂ ಯಾಕೋ ಮಣ್ಣುಮಣ್ಣಾಗಿತ್ತು. ಇವತ್ತು ನನ್ನ ನಾಲಿಗೆಯೇ ಸರಿಯಿಲ್ಲ ಅಂದುಕೊಂಡ.

ಎರಡು ಗಂಟೆಗೆ ಕೇಕನ್ನು ವ್ಯಾನಿಗೆ ಏರಿಸಿದರು. ಭಾವಮೈದ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ಯಜಮಾನಿ, ಹಿಂದೆ ಕೇಕಿನ ಕಾವಲಿಗೆ ಅಕ್ಷರಣ್ಣ. ಮೊದಲ ತಿರುವಿನಲ್ಲಿ ಅವನ ಬಲಭುಜ ತಾನಾಗಿಯೇ ಒಂದು ಸುತ್ತು ತಿರುಗಿತು. ಎರಡನೆಯ ತಿರುವಿನಲ್ಲಿ ಕತ್ತು ಎಡಕ್ಕೆ ವಾಲಿ, ಏನೋ ಮರೆತವರ ಹಾಗೆ ಮತ್ತೆ ಬಲಕ್ಕೆ ಬಂತು. ಆಮೇಲೆ ಸೊಂಟ. ಆಮೇಲೆ ಎಡಗಾಲು.

ಭಾವಮೈದ ಕನ್ನಡಿಯಲ್ಲಿ ನೋಡಿ ಹಿಗ್ಗಿದ. "ಏನ್ ಭಾವ, ಕುಣೀತಾ ಇದ್ದೀರಾ? ಇಷ್ಟು ಖುಷಿ ನಿಮ್ಮ ಮದುವೇಲೂ ನಾನು ನೋಡಿರ್ಲಿಲ್ಲ!" ಅಂತ ರೇಡಿಯೋ ಜೋರು ಮಾಡಿದ.

"ನಾನಲ್ಲ ಕಣೋ" ಅಂದ ಅಕ್ಷರಣ್ಣ, ಹಾವಿನ ಹಾಗೆ ಬಳುಕುತ್ತಾ. "ಮೈ ಅದಾಗದೇ ಹೋಗ್ತಾ ಇದೆ!"

"ಬಿಡಿ ಭಾವ, ನಾಚ್ಕೋಬೇಡಿ!"

ಸಮ್ಮೇಳನ ನಡೆಯುತ್ತಿದ್ದದ್ದು ಆಸ್ಪತ್ರೆಯ ಎರಡನೆಯ ಮಹಡಿಯ ಸಭಾಂಗಣದಲ್ಲಿ. ಕೇಕಿನ ಮುಂದಿನ ತುದಿಯನ್ನು ಭಾವಮೈದ ಹಿಡಿದ, ಹಿಂದಿನದನ್ನು ಅಕ್ಷರಣ್ಣ. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಕೇಕು ಪ್ರವಾಹಕ್ಕೆ ಸಿಕ್ಕಿದ ದೋಣಿಯಾಯಿತು. ಆದರೆ ಇಪ್ಪತ್ತಾರು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ಮೈಯೆಲ್ಲ ಎತ್ತ ಬೇಕಾದರೂ ಹೋಗಲಿ, ಮುಂಗೈ ಎರಡನ್ನೂ ಕೇಕಿನ ತಳಕ್ಕೆ ಗಾರೆ ಹಾಕಿದ ಹಾಗೆ ಅಂಟಿಸಿಕೊಂಡು, ಮೈ ಬಲಕ್ಕೆ ಹೋದರೆ ಕಾಲು ಎಡಕ್ಕಿಟ್ಟು, ಕೊನೆಗೂ ಒಂದು ಹನಿ ಕ್ರೀಮ್ ಕದಲದ ಹಾಗೆ ವೇದಿಕೆಯ ಪಕ್ಕದ ಮೇಜಿಗೆ ಮುಟ್ಟಿಸಿದ. ಯಜಮಾನಿ ಮುಚ್ಚಳ ಹಾಕಿದಳು. ಅಕ್ಷರಣ್ಣ ಹಿಂದಿನ ಕಂಬವೊಂದನ್ನು ತಬ್ಬಿಕೊಂಡು ನಿಂತ.

ವೇದಿಕೆಯ ಮೇಲೆ ಆಸ್ಪತ್ರೆಯ ದೊಡ್ಡ ಡಾಕ್ಟರು ಭಾಷಣ ಮುಗಿಸುತ್ತಿದ್ದರು. ತಲೆಯೆಲ್ಲ ಬೆಳ್ಳಗೆ, ಮಾತು ಮೆಲ್ಲಗೆ. "ಯಾರಿಗಾದರೂ ಪ್ರಶ್ನೆಗಳಿದ್ದರೆ ದಯವಿಟ್ಟು ಕೈ ಎತ್ತಿ" ಅಂದರು.

ಅಕ್ಷರಣ್ಣನ ಬಲಗೈ ಎದ್ದಿತು.

ಅವನು ಎಡಗೈಯಿಂದ ಅದನ್ನು ಹಿಡಿದು ಕೆಳಗೆಳೆದ. ಅದು ಮತ್ತೆ ಎದ್ದಿತು, ಈ ಸಲ ಎಡಗೈಯನ್ನೂ ಜೊತೆಗೆ ಕರೆದುಕೊಂಡು.

"ಹಿಂದೆ ಕಂಬದ ಹತ್ತಿರ ಇರೋರು, ಕೇಳಿ" ಅಂದರು ದೊಡ್ಡ ಡಾಕ್ಟರು.

ನಲವತ್ತು ತಲೆಗಳು ತಿರುಗಿದವು. ಅಕ್ಷರಣ್ಣ ಹೌದು ಅಂತಲೂ ಅಲ್ಲ ಅಂತಲೂ ಒಟ್ಟಿಗೆ ತಲೆಯಾಡಿಸುತ್ತಾ, "ಪ್ರಶ್ನೆ ಏನಿಲ್ಲ ಸಾರ್... ನಾನು ಕೇಕಿನವನು" ಅಂದ. ಅಷ್ಟರಲ್ಲಿ ಕಾಲು ಸೋತು ಕಂಬದ ಬುಡಕ್ಕೆ ಕೂತುಬಿಟ್ಟ.

ಮೀನು ಮಾರುಕಟ್ಟೆಗೆ ನಲವತ್ತು ಬೆಕ್ಕು ಬಿಟ್ಟ ಹಾಗಾಯಿತು. ನರರೋಗದ ಡಾಕ್ಟರುಗಳ ನಡುವೆ ಹೊಸ ನಮೂನೆಯ ರೋಗಿ ಬಿದ್ದರೆ ಅವರಾದರೂ ಏನು ಮಾಡಿಯಾರು? ಒಬ್ಬರು ಕಣ್ಣಿಗೆ ಟಾರ್ಚ್ ಬಿಟ್ಟರು. ಒಬ್ಬರು ಮಂಡಿಗೆ ಸುತ್ತಿಗೆ ಬಡಿದರು. ಇದು ಅನುವಂಶಿಕ ಅಂತ ಒಬ್ಬರು, ಸ್ಕ್ಯಾನ್ ಆಗಲಿ ಅಂತ ಒಬ್ಬರು, ತಾನು ಓದಿದ ಪ್ರಬಂಧದಲ್ಲಿ ಇಂಥದ್ದೇ ಇದೆ ಅಂತ ಇನ್ನೊಬ್ಬರು. ನಲವತ್ತು ಡಾಕ್ಟರು, ನಲವತ್ತೊಂದು ಅಭಿಪ್ರಾಯ, ಅದರಲ್ಲೊಬ್ಬರಿಗೆ ಎರಡು.

"ಸ್ವಲ್ಪ ದಾರಿ ಬಿಡ್ತೀರಾ?" ಅಂತ ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು.

ಕುಳ್ಳಗಿನ, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ನೇತು ಹಾಕಿಕೊಂಡ ಹೆಂಗಸು. ಆಸ್ಪತ್ರೆಯ ಔಷಧಿ ಕೌಂಟರಿನವಳು. ಹತ್ತೊಂಬತ್ತು ವರ್ಷದಿಂದ ಎಂಥ ಡಾಕ್ಟರ ಎಂಥ ಕೋಳಿಕಾಲು ಬರಹವನ್ನೂ ಓದಿದವಳಾದ್ದರಿಂದ ಆಸ್ಪತ್ರೆಯೆಲ್ಲ ಅವಳನ್ನು ಚೀಟಿ ಅಕ್ಕ ಅನ್ನುತ್ತಿತ್ತು. ಕೆಲವು ಡಾಕ್ಟರು ತಾವೇ ಬರೆದದ್ದನ್ನು ಓದಿಸಲು ಅವಳ ಹತ್ತಿರ ಹೋಗುವುದಿತ್ತು. ಅವಳು ಟಾರ್ಚು, ಸುತ್ತಿಗೆ ಯಾವುದನ್ನೂ ತಂದಿರಲಿಲ್ಲ. ಅಕ್ಷರಣ್ಣನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಣ್ಣ, ಬೆಳಿಗ್ಗೆಯಿಂದ ಬಾಯಿಗೆ ಏನೇನು ಹಾಕ್ಕೊಂಡ್ರಿ?"

ಸುತ್ತಿಗೆ ಹಿಡಿದವರು ಅದನ್ನು ಕೆಳಗಿಳಿಸಿದರು. ಇಷ್ಟು ಸಣ್ಣ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

"ಕಾಫಿ... ಮಾತ್ರೆ... ಟೀ... ಮೊಸರನ್ನ..." ಅಕ್ಷರಣ್ಣ ತಿರುಚಿಕೊಳ್ಳುತ್ತಲೇ ಹೇಳಿದ. ಮಾತ್ರೆಯ ಹೆಸರು ಕೇಳಿದಳು, ಹೇಳಿದ. ತಲೆಯಾಡಿಸಿದಳು.

"ಇನ್ನು?"

"ಇನ್ನೇನಿಲ್ಲ."

ಅವಳು ಮಾತಾಡದೆ ಕೂತಳು. ಕೌಂಟರಿನ ಮುಂದೆ ಸುಳ್ಳು ಹೇಳಿದವರನ್ನು ಕಾಯುವ ಅವಳ ಪರಿ ಅದು. ಬೈಯುವುದಿಲ್ಲ, ಸುಮ್ಮನೆ ಕನ್ನಡಕ ಒರೆಸುತ್ತಾಳೆ. ಎರಡನೆಯ ಗಾಜು ಒರೆಸುವಷ್ಟರಲ್ಲಿ ಅಕ್ಷರಣ್ಣ ಸೋತ.

"ಒಂದು ಚಮಚ ನಸುಗುನ್ನಿ ಪುಡಿ. ಪಕ್ಕದ ಮನೆ ಮೇಷ್ಟ್ರು ಕೊಟ್ಟಿದ್ದು. ಆಮೇಲೆ... ನಾನೇ ಇನ್ನೊಂದು."

"ಎರಡು ಚಮಚಕ್ಕೆ ಇಷ್ಟು ಆಗಲ್ಲ ಅಣ್ಣ" ಅಂದು ಚೀಟಿ ಅಕ್ಕ ಕನ್ನಡಕದ ಮೇಲಿಂದ ಸುತ್ತಲೂ ನೋಡಿದಳು. ನೋಟ ಭಾವಮೈದನ ಮೇಲೆ ಹೋಗಿ ನಿಂತಿತು. ಅವನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು.

"ಟೀಗೆ... ಒಂದು" ಅಂದ ಅವನು. "ಮೇಷ್ಟ್ರು ಹೇಳಿದ್ರು, ಗುಟ್ಟಾಗಿ ಹಾಕು ಅಂತ."

"ಮನೇಲಿ ಯಾರಿದ್ದಾರೆ? ಫೋನ್ ಹಚ್ಚಿ."

ಹೆಂಡತಿಗೆ ಫೋನ್ ಹೋಯಿತು. ಸಂಗತಿ ಕೇಳಿದವಳೇ ಅವಳು "ಅಯ್ಯೋ, ಮೊಸರಿಗೆ ಒಂದು ಚಮಚ ಬೆರೆಸಿದ್ದೆ ಕಣಮ್ಮ, ಅವರಿಗೇನಾಯ್ತು?" ಅಂತ ಅಳಲು ಶುರು ಮಾಡಿದಳು. ಹಿಂದಿನಿಂದ ಡ್ರಿಲ್ ಮೇಷ್ಟ್ರ ಧ್ವನಿ: "ಅಳಬೇಡಮ್ಮ, ಫೋನ್ ಇಲ್ಲಿ ಕೊಡು! ಹಲೋ! ಗಿಡಮೂಲಿಕೆ ಅದು, ಏನೂ ಮಾಡಲ್ಲ!"

"ಮಾಡುತ್ತೆ ಮೇಷ್ಟ್ರೇ" ಅಂದಳು ಚೀಟಿ ಅಕ್ಕ. ಧ್ವನಿಯಲ್ಲಿ ಕೋಪವಿರಲಿಲ್ಲ. "ಇವರ ಮಾತ್ರೆಯಲ್ಲಿ ಯಾವ ಅಂಶ ಇದೆಯೋ ಅದೇ ಅಂಶ ನಸುಗುನ್ನಿ ಬೀಜದಲ್ಲೂ ಇದೆ. ಡಾಕ್ಟರು ಅಳತೆ ಮಾಡಿ ಒಂದು ಎತ್ತು ಕಟ್ಟಿದ್ರು. ನೀವೆಲ್ಲ ಸೇರ್ಕೊಂಡು ಅದೇ ಗಾಡಿಗೆ ಇನ್ನೂ ನಾಲ್ಕು ಎತ್ತು ಕಟ್ಟಿದ್ರಿ. ಗಾಡಿ ಹಾರ್ತಾ ಇದೆ."

ಆ ಕಡೆ ಮೇಷ್ಟ್ರ ಧ್ವನಿ ಹಿಗ್ಗಿತು. "ಹಾಗಾದ್ರೆ ನನ್ನ ಪುಡೀಲಿ ನಿಜವಾಗ್ಲೂ ಔಷಧಿ ಇದೆ ಅಂತಾಯ್ತು!"

"ಇದೆ ಮೇಷ್ಟ್ರೇ. ಅದೇ ತೊಂದರೆ. ಬರೀ ಬೂದಿ ಆಗಿದ್ದಿದ್ರೆ ಯಾರಿಗೂ ಏನೂ ಆಗ್ತಿರ್ಲಿಲ್ಲ."

ಡಾಕ್ಟರುಗಳಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಉಳಿದವರು ತಾವು ಮೊದಲೇ ಹಾಗಂದುಕೊಂಡಿದ್ದೆವು ಅನ್ನುವ ಮುಖ ಮಾಡಿ ಟಾರ್ಚುಗಳನ್ನು ಜೇಬಿಗೆ ಸೇರಿಸಿದರು. ದೊಡ್ಡ ಡಾಕ್ಟರು ಬಂದು ರಕ್ತದೊತ್ತಡ ನೋಡಿ, ಭಯವಿಲ್ಲ, ಕೆಲವು ಗಂಟೆಯಲ್ಲಿ ಇಳಿಯುತ್ತದೆ, ನಾಲ್ಕು ಗಂಟೆಯ ಮಾತ್ರೆ ಇವತ್ತು ಬೇಡ, ಸಂಜೆಯದು ತಗೊಳ್ಳಲಿ, ಪುಡಿಯನ್ನು ಮಾತ್ರ ಮುಟ್ಟಬಾರದು ಅಂದರು.

ಚೀಟಿ ಅಕ್ಕ ಇನ್ನೂ ಎದ್ದಿರಲಿಲ್ಲ. "ಅಣ್ಣ, ಒಂದು ಮಾತು. ಮಾತ್ರೆ ಯಾವುದರ ಜೊತೆ ನುಂಗ್ತೀರಿ?"

"ಹಾಲಿನ ಜೊತೆ" ಅಂದ ಅಕ್ಷರಣ್ಣ ಹೆಮ್ಮೆಯಿಂದ. "ದೊಡ್ಡ ಲೋಟ. ಜೊತೆಗೆ ಎರಡು ಬೇಯಿಸಿದ ಮೊಟ್ಟೆ. ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡ್ರೆ ಹೊಟ್ಟೆ ಸುಡುತ್ತೆ ಅಂತ ಮೇಷ್ಟ್ರು ಹೇಳಿದ್ರು."

ಚೀಟಿ ಅಕ್ಕ ಹಣೆ ಹಣೆ ಬಡಿದುಕೊಂಡಳು. "ಮೂರು ವರ್ಷ! ಹಾಲೂ ಮೊಟ್ಟೆನೂ ಮೊದಲು ಹೋಗಿ ಬಾಗಿಲಲ್ಲಿ ನೂಕುನುಗ್ಗಲು ಮಾಡಿದ್ರೆ ಮಾತ್ರೆ ಒಳಗೆ ಹೋಗೋದು ಹೇಗಣ್ಣ? ಇನ್ಮೇಲೆ ಬರೀ ನೀರು. ಊಟಕ್ಕೆ ಒಂದು ಗಂಟೆ ಮೊದಲು. ತಿಳೀತಾ?" ದೊಡ್ಡ ಡಾಕ್ಟರ ಕಡೆ ನೋಡಿದಳು. ಅವರು ಹೌದು ಅಂತ ತಲೆಯಾಡಿಸಿದರು, ಸ್ವಲ್ಪ ನಾಚಿಕೊಂಡೇ. ಈ ಪ್ರಶ್ನೆಯನ್ನು ಮೂರು ವರ್ಷದಲ್ಲಿ ಡಾಕ್ಟರುಗಳಲ್ಲಿ ಯಾರೂ ಕೇಳಿರಲಿಲ್ಲ.

ನಾಲ್ಕೂವರೆಗೆ ಅಕ್ಷರಣ್ಣನ ಮೈ ಒಂದು ಹದಕ್ಕೆ ಬಂತು. ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಕೇಕು ಕತ್ತರಿಸುವ ಹೊತ್ತಾಯಿತು. ದೊಡ್ಡ ಡಾಕ್ಟರು ಮೈಕಿನ ಮುಂದೆ ನಿಂತು, "ಈಗ ಒಂದು ವಿಶೇಷ. ಎಲ್ಲರೂ ಕೇಕಿನ ಹತ್ತಿರ ಬನ್ನಿ. ಅಕ್ಷರಗಳನ್ನ ಸರಿಯಾಗಿ ನೋಡಬೇಕು" ಅಂದರು. ಯಜಮಾನಿ ಹೆಮ್ಮೆಯಿಂದ ಮುಚ್ಚಳ ತೆಗೆದಳು.

ದೊಡ್ಡ ಡಾಕ್ಟರ ಮುಖ ಗಾಳಿ ಹೋದ ಬಲೂನಾಯಿತು.

"ಇದು... ಮೆಷಿನ್ನಲ್ಲಿ ಮಾಡಿಸಿದ್ರಾ?"

"ಇಲ್ಲ ಸಾರ್! ಅಕ್ಷರಣ್ಣನೇ ಬರೆದದ್ದು. ನಮ್ಮೆಲ್ಲರ ಕಣ್ಣೆದುರಿಗೆ!"

"ಅಯ್ಯೋ" ಅಂದರು ಡಾಕ್ಟರು. ಅಕ್ಷರಣ್ಣನ ಹತ್ತಿರ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. "ನೋಡಿ, ಎರಡು ವರ್ಷದಿಂದ ನನ್ನ ಮೊಮ್ಮಕ್ಕಳ ಹುಟ್ಟುಹಬ್ಬದ ಕೇಕೆಲ್ಲ ನಿಮ್ಮ ಬೇಕರಿದೇ. ಆ ಅಕ್ಷರ ನೋಡಿದ ತಕ್ಷಣ ನನಗೆ ಗೊತ್ತಾಯ್ತು, ಬರೆದವರಿಗೆ ಏನು ಕಾಯಿಲೆ ಅಂತ. ದೊಡ್ಡದಾಗಿ ಶುರುವಾಗಿ ಸಣ್ಣಗಾಗ್ತಾ ಹೋಗೋದು ಅದರ ಗುರುತು. ಆದ್ರೆ ಒಂದು ಒತ್ತು ತಪ್ಪಿಲ್ಲ, ಒಂದು ದೀರ್ಘ ಬಿಟ್ಟಿಲ್ಲ! ಕೈ ಮಾತು ಕೇಳದೇ ಇದ್ದಾಗ್ಲೂ ಇಷ್ಟು ಶುದ್ಧವಾಗಿ ಬರೀತಾರಲ್ಲ, ಈ ಮನುಷ್ಯನ ಛಲ ಎಂಥದ್ದು ಅಂತ ನಮ್ಮವರಿಗೆಲ್ಲ ತೋರಿಸಿ ಸನ್ಮಾನ ಮಾಡೋಣ ಅಂತಿದ್ದೆ. ಫಲಕ ಕೂಡ ಮಾಡಿಸಿದ್ದೀನಿ. ಅದಕ್ಕೇ ಅಷ್ಟುದ್ದದ ವಾಕ್ಯ ಕೊಟ್ಟಿದ್ದು, ಅದಕ್ಕೇ ಒಂದೇ ಸಾಲು ಅಂದದ್ದು. ಈಗ ಇದನ್ನ ತೋರಿಸಿ ಏನಂತ ಹೇಳ್ಲಿ?"

ಅಕ್ಷರಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷದಿಂದ ಯಾವ ಅಕ್ಷರವನ್ನು ಮುಚ್ಚಿಟ್ಟುಕೊಳ್ಳಲು ಒದ್ದಾಡಿದ್ದನೋ ಅದನ್ನೇ ಒಬ್ಬರು ಕಣ್ಣಿಗೊತ್ತಿಕೊಂಡು ನೋಡಿದ್ದರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಸಭೆ" ಅಂದರು ಡಾಕ್ಟರು. "ಅದೇ ವಾಕ್ಯ ಇನ್ನೊಂದು ಕೇಕಿನ ಮೇಲೆ, ಪುಡಿ ಗಿಡಿ ಏನೂ ಇಲ್ಲದೆ, ನಿಮ್ಮ ಮಾಮೂಲಿ ಅಕ್ಷರದಲ್ಲಿ ಬರೆದು ತನ್ನಿ. ಸನ್ಮಾನ ನಾಳೆಯೇ."

"ಖಂಡಿತ ಸಾರ್" ಅಂದಳು ಯಜಮಾನಿ. ಅಷ್ಟು ಹೊತ್ತಿಗೆ ಉಳಿದ ಮೂವತ್ತೊಂಬತ್ತು ಡಾಕ್ಟರು ಇವತ್ತಿನ ಮುತ್ತಿನ ಅಕ್ಷರಗಳನ್ನು ತಿನ್ನಲು ಶುರು ಮಾಡಿದ್ದರು. ಸಕ್ಕರೆ ಕಡಿಮೆ ಮಾಡಿ ಅನ್ನುವವರೇ ಎರಡೆರಡು ತುಂಡು.

ಸಂಜೆ ಬೇಕರಿಯಲ್ಲಿ ಯುದ್ಧದ ತಯಾರಿ. ಭಾವಮೈದ ಹೊಸ ಕೇಕು ಬೇಯಿಸಿ ಆರಿಸಿದ. ಹೆಂಡತಿ ಗಂಡನ ಬಾಯಿಗೆ ಏನೂ ಹೋಗದ ಹಾಗೆ ಕಾಯಲು ಎದುರಿಗೇ ಸ್ಟೂಲು ಹಾಕಿಕೊಂಡು ಕೂತಳು. ಡ್ರಿಲ್ ಮೇಷ್ಟ್ರು ಪ್ರಾಯಶ್ಚಿತ್ತಕ್ಕೆಂದು ಬಾಗಿಲಲ್ಲಿ ನಿಂತು, ಒಳಗೆ ಬರುವವರ ಜೇಬನ್ನೆಲ್ಲ ತಡವಿ ನೋಡಿದರು. ಅಕ್ಷರಣ್ಣ ಒಂದು ಬಿಸ್ಕತ್ತು ಕೇಳಿದರೆ ಮೂವರೂ ಒಟ್ಟಿಗೆ "ಬೇಡ!" ಅಂದರು. ಆರು ಗಂಟೆಗೆ ಚೀಟಿ ಅಕ್ಕ ಹೇಳಿದ ಹಾಗೆ, ಬರೀ ನೀರಿನಲ್ಲಿ ಮಾತ್ರೆ ನುಂಗಿದ. ಹಾಲಿಲ್ಲ, ಮೊಟ್ಟೆಯಿಲ್ಲ.

ಏಳಕ್ಕೆ ಕೋನ್ ಹಿಡಿದು ಕೂತ. ಮೆ ಬರೆದ. ದು ಬರೆದ. ಳು ಬರೆದ.

"ಚೆನ್ನಾಗಿದೆ, ಇನ್ನು ಸಣ್ಣಗಾಗಲಿ" ಅಂದಳು ಯಜಮಾನಿ ಮೆಲ್ಲಗೆ.

ಆಗಲಿಲ್ಲ. 'ನರರೋಗ' ಬಂತು, 'ವಾರ್ಷಿಕ' ಬಂತು. ಮಧ್ಯಾಹ್ನದ ಹಾರಾಟ ಇಲ್ಲ, ಬಳುಕಾಟ ಇಲ್ಲ. ಕೈ ತನ್ನ ಪಾಡಿಗೆ ತಾನು, ಹಳೆಯ ಗುಮಾಸ್ತನ ಹಾಗೆ, ತಲೆ ತಗ್ಗಿಸಿ ಕೆಲಸ ಮಾಡುತ್ತಿತ್ತು. ಮೊದಲ ಅಕ್ಷರ ಎಷ್ಟೋ ಇಪ್ಪತ್ತನೆಯದೂ ಅಷ್ಟೇ.

"ನಡುಗಿಸ್ರೀ!" ಅಂತ ಪಿಸುಗುಟ್ಟಿದಳು ಹೆಂಡತಿ.

"ಬರ್ತಾ ಇಲ್ಲ ಕಣೇ!"

"ಬೇಕಂತಲೇ ಸಣ್ಣದಾಗಿ ಬರೀರಿ ಭಾವ, ಯಾರಿಗೆ ಗೊತ್ತಾಗುತ್ತೆ?"

ಅಕ್ಷರಣ್ಣ ಒಂದು ಗಳಿಗೆ ಯೋಚಿಸಿದ. "ಇಪ್ಪತ್ತಾರು ವರ್ಷದಲ್ಲಿ ಬೇಕಂತ ಒಂದು ಅಕ್ಷರ ಕೆಡಿಸಿಲ್ಲ ಕಣೋ. ಈಗ ಸನ್ಮಾನಕ್ಕೋಸ್ಕರ ಕೆಡಿಸ್ಲಾ?" ಅಂದವನೇ 'ಹೃತ್ಪೂರ್ವಕ'ವನ್ನು ಪೂರ್ತಿ ಮಾಡಿದ. ಬೆಳಿಗ್ಗೆಯದಕ್ಕಿಂತ ಒಂದು ಗುಲಗಂಜಿ ತೂಕ ಚೆಂದವೇ ಬಂತು.

ಯಜಮಾನಿ ಬೇರೆ ದಾರಿ ಕಾಣದೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಆ ಕಡೆಯಿಂದ ಇಡೀ ಬೇಕರಿಗೆ ಕೇಳುವ ಹಾಗೆ ನಗು.

"ಬರೀ ನೀರಲ್ಲಿ ತಗೊಂಡದ್ದಕ್ಕೆ ಇಷ್ಟು ಫಲವಾ? ಹಾಗಾದ್ರೆ ನಾವು ನಲವತ್ತು ಜನ ಮಾಡದ್ದನ್ನ ಆಕೆ ನೆಲದ ಮೇಲೆ ಕೂತ್ಕೊಂಡು ಮಾಡಿದ್ಲು. ಸನ್ಮಾನ ಚೀಟಿ ಅಕ್ಕನಿಗೇ ಸಲ್ಲಬೇಕು! ಫಲಕದ ಮೇಲಿನ ಹೆಸರು ಬೆಳಿಗ್ಗೆಯೊಳಗೆ ಬದಲಾಯಿಸ್ತೀನಿ. ನೀವೂ ಕೇಕಿನ ಮೇಲೆ ಆ ವಾಕ್ಯ ತೆಗೆದುಬಿಡಿ. ಅವಳಿಗೊಂದು ಅಭಿನಂದನೆ ಬರೀರಿ, ಸ್ವಲ್ಪ ಉದ್ದವಾಗೇ ಇರ್ಲಿ. ಹೇಗೂ ಅಕ್ಷರಣ್ಣನ ಕೈ ಈಗ ಚೆನ್ನಾಗಿದೆಯಲ್ಲ!"

ಯಜಮಾನಿ ಫೋನ್ ಇಟ್ಟಳು. ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡಳು. ಡ್ರಿಲ್ ಮೇಷ್ಟ್ರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಅಕ್ಷರಣ್ಣ ಚಪ್ಪಟೆ ಕತ್ತಿ ತೆಗೆದುಕೊಂಡು, ತನ್ನ ಬಾಳಿನಲ್ಲೇ ಅತಿ ಸುಂದರವಾಗಿ ಬಂದಿದ್ದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೆರೆದು ತೆಗೆದ. ಕೇಕಿಗೆ ಹೊಸ ಕ್ರೀಮ್ ಸವರಿ ಮಟ್ಟ ಮಾಡಿದ. ಕೋನ್ ತುಂಬಿಕೊಂಡ.

"ಆ ತಾಯಿಗಾದ್ರೆ ಎರಡು ಸಾಲು ಬೇಕಾದ್ರೂ ಬರೀತೀನಿ" ಅಂದು, ಬಾಗಿ, ಮೊದಲ ಅಕ್ಷರಕ್ಕೆ ಕೈ ಹಾಕಿದ.